ಸಾರಸ ನೋಡಿದ ಬೆಳಿಗ್ಗೆ

ನಾವು ನಾಲ್ವರು ನೇಪಾಳಕ್ಕೆ ಹೋಗಿ ಮೂವರು ಮರಳಿ ಬಂದೆವು. ಬಂದ ಮೇಲೆ ಸಿಂಧನೂರಿನ ನಮ್ಮ ಓಣಿಯವರು, ಕಚೇರಿಯವರು, ಕಡೆಗೆ ಹಾಲು ಹಾಕುವವನೂ ಕೇಳಿದ್ದು ಒಂದೇ ಮಾತು: ಏನಾಯಿತು? ಒಬ್ಬೊಬ್ಬರಿಗೂ ಅರ್ಧರ್ಧ ಹೇಳಿ ಸಾಕಾಗಿದೆ. ಒಮ್ಮೆ ಪೂರ್ತಿ ಬರೆದುಬಿಡುತ್ತೇನೆ.

ಮಸ್ಕಿ, ಸಿಂಧನೂರು

ಲಿಂಗಸುಗೂರಿನ ಬೌದ್ಧ ಕುಟುಂಬಗಳ ಒಂದು ಗುಂಪು ಚಳಿಗಾಲದಲ್ಲಿ ಲುಂಬಿನಿ ಯಾತ್ರೆಗೆ ಹೊರಡುವುದಿತ್ತು. ನನ್ನ ಅಕ್ಕ ರತ್ನಮ್ಮ, ಅವಳ ಗಂಡ ದುರ್ಗಪ್ಪ ಮಾಮ ಹಟ್ಟಿಯಿಂದ ಬಂದು ಅವರ ಬಸ್ಸು ಹತ್ತಿದರು. ಮಾಮ ಚಿನ್ನದ ಗಣಿಯಲ್ಲಿ ನೆಲದ ಕೆಳಗೆ ದುಡಿದು ನಿವೃತ್ತನಾದವನು. ಮಕ್ಕಳಿಲ್ಲ. ಹೃದಯದ ತೊಂದರೆ ಇತ್ತು. ಗುಳಿಗೆಗಳೆಲ್ಲ ಅಕ್ಕನ ಸೆರಗಿನ ಗಂಟಿನಲ್ಲಿರುತ್ತಿದ್ದವು, ಯಾಕೆಂದರೆ ಮಾಮನ ಕಿಸೆಗೆ ಹೋದ ಗುಳಿಗೆ ಬಾಯಿಗೆ ಹೋಗುತ್ತಿರಲಿಲ್ಲ.

ನಾಲ್ಕನೆಯವರು ಖಾಜಾಸಾಬ. ಮಾಮನ ಜೊತೆ ಒಂದೇ ಪಾಳಿಯಲ್ಲಿ ಗಣಿಗೆ ಇಳಿದವರು. ಬೌದ್ಧರ ಯಾತ್ರೆಗೆ ನೀವ್ಯಾಕೆ ಎಂದು ಗುಂಪಿನ ಹಿರಿಯರೊಬ್ಬರು ನಗುತ್ತಲೇ ಕೇಳಿದರಂತೆ. "ಅಲ್ಲಿ ಮಂದಿ ಹಿಂದಿ ಮಾತಾಡ್ತಾರ್ರೀ. ಈ ದುರ್ಗ್ಯಾಗ ಕನ್ನಡಾನ ಸರಿ ಬರಂಗಿಲ್ಲ, ಹಿಂದಿ ಎಲ್ಲಿಂದ ಬರಬೇಕು" ಎಂದು ಖಾಜಾಸಾಬ ಕಿಟಕಿ ಪಕ್ಕದ ಸೀಟು ಹಿಡಿದು ಕೂತರಂತೆ.

ಮಸ್ಕಿಯಲ್ಲಿ ಬಸ್ಸು ನಿಂತಿತು. ಎಲ್ಲರೂ ಇಳಿದು ಅಶೋಕನ ಶಾಸನದ ಬಂಡೆಗೆ ಕೈಮುಗಿದು ಬಂದರು. ಮಾಮ ಇಳಿಯಲಿಲ್ಲ. "ಕಲ್ಲು ನೋಡಿ ನೋಡಿ ಸಾಕಾಗ್ಯಾದ. ನೀವು ನೋಡ್ಕೊಂಡು ಬರ್ರಿ" ಎಂದನಂತೆ.

ಇದೆಲ್ಲ ನಾನು ಸಿಂಧನೂರಿನಲ್ಲಿ ಬಸ್ಸು ಹತ್ತಿದಾಗ ಅಕ್ಕ ಹೇಳಿದ್ದು. ತಾಲೂಕು ಕಚೇರಿಯಲ್ಲಿ ಗುಮಾಸ್ತೆಯಾಗಿರುವ ನನಗೆ ಅದು ಮೊದಲ ಪರದೇಶದ ಪ್ರವಾಸ. ಊರಿನ ಹೊರಗೆ ಭತ್ತ ಕೊಯ್ಯುವ ಯಂತ್ರಗಳು ಸಾಲಾಗಿ ನಿಂತಿದ್ದವು. ಹುಲ್ಲು ಸುಟ್ಟ ಹೊಗೆ ಬಸ್ಸಿನೊಳಗೂ ಬಂತು. ಮಾಮ ಕೆಮ್ಮಿದ. ಅಕ್ಕ ಕಿಟಕಿ ಮುಚ್ಚಿದಳು, ಮಾಮ ತೆಗೆದ. ರಾಯಚೂರು ರೈಲು ನಿಲ್ದಾಣದವರೆಗೂ ಇದೇ ನಡೆಯಿತು.

ಸುನೌಲಿ

ಪರದೇಶ ಎಂದರೆ ನಾನು ಏನೇನೋ ಅಂದುಕೊಂಡಿದ್ದೆ. ಸುನೌಲಿಯಲ್ಲಿ ಅದು ಒಂದು ಕಮಾನು. ಕಮಾನಿನ ಈಚೆ ಭಾರತ, ಆಚೆ ನೇಪಾಳ. ನಡುವೆ ಸೈಕಲ್ ರಿಕ್ಷಾ, ಈರುಳ್ಳಿ ಮೂಟೆ ಹೊತ್ತ ಹೆಂಗಸರು, ಹಾರನ್ ಹೊಡೆಯುವ ಲಾರಿಗಳು. ಗುರುತಿನ ಚೀಟಿ ತೋರಿಸಿ ಹತ್ತು ಹೆಜ್ಜೆ ನಡೆದರೆ ಮುಗಿಯಿತು.

ದಾಟಿದ ಕೂಡಲೇ ನಮ್ಮ ಫೋನುಗಳು ಮೂಕವಾದವು. ಗಡಿಯಾರಗಳೂ ತಪ್ಪಿದವು. ಅಲ್ಲಿಯ ಹೊತ್ತು ನಮ್ಮದಕ್ಕಿಂತ ಕಾಲು ತಾಸು ಮುಂದೆ. ಅರ್ಧ ತಾಸಲ್ಲ, ಒಂದು ತಾಸಲ್ಲ, ಕಾಲು ತಾಸು. ಚಹಾ ಅಂಗಡಿಯಲ್ಲಿ ಮಾಮ ತನ್ನ ಗಡಿಯಾರದ ಮುಳ್ಳು ತಿರುವುತ್ತಾ, "ಸುಮ್ನ ನಿಂತಲ್ಲೇ ಕಾಲು ತಾಸು ಹೋತಲ್ಲೋ ಖಾಜಾ" ಎಂದ.

ಖಾಜಾಸಾಬರ ಹಿಂದಿ ಅಲ್ಲಿ ನಡೆಯಿತು, ಆದರೆ ಹೇಗೆ ನಡೆಯಿತು ಎಂದರೆ ಅವರು "ನಕ್ಕೋ" ಎಂದಾಗಲೆಲ್ಲ ಚಹಾ ಅಂಗಡಿಯವನು ಇನ್ನೊಂದು ಕಪ್ಪು ತಂದಿಟ್ಟ. ನಮ್ಮ ಕಡೆ ದಖನಿಯಲ್ಲಿ 'ಬೇಡ' ಎನ್ನುವ ಮಾತು ಅವನಿಗೆ ಏನೋ ಬೇಕು ಎಂದೇ ಕೇಳಿಸಿತ್ತು. ನಾಲ್ವರೂ ಎರಡೆರಡು ಕಪ್ಪು ಕುಡಿದು ಎದ್ದದ್ದಾಯಿತು. ಮಾಮ ಮನಸ್ಸು ಬಿಚ್ಚಿ ನಕ್ಕಿದ್ದನ್ನು ನಾನು ಕಂಡಿದ್ದು ಅದೇ ಕೊನೆ.

ಲುಂಬಿನಿ

ಲುಂಬಿನಿಯಲ್ಲಿ ಮಂಜು. ನಮ್ಮ ಸೀಮೆಯಲ್ಲಿ ಮಂಜು ಬಿದ್ದರೆ ಹೊತ್ತು ಮೇಲೇರುವಷ್ಟರಲ್ಲಿ ಹೋಗುತ್ತದೆ. ಅಲ್ಲಿ ಮಧ್ಯಾಹ್ನವಾದರೂ ಸೂರ್ಯ ತೊಳೆದಿಟ್ಟ ತಟ್ಟೆಯ ಹಾಗೆ ಬೆಳ್ಳಗೆ ತೂಗುತ್ತಿದ್ದ. ಜನ ರಸ್ತೆಯ ಅಂಚಿನಲ್ಲಿ ಹುಲ್ಲು, ಹಳೆಯ ಟೈರು ಸುಟ್ಟುಕೊಂಡು ಕುಕ್ಕರಗಾಲಲ್ಲಿ ಕೂತಿರುತ್ತಿದ್ದರು. ಅಪರಿಚಿತರು ಬಂದರೆ ಸರಿದು ಜಾಗ ಕೊಡುತ್ತಿದ್ದರು, ಮಾತಾಡುತ್ತಿರಲಿಲ್ಲ. ನಮ್ಮಲ್ಲಾದರೆ ಯಾವ ಊರು, ಯಾರ ಪೈಕಿ ಎಂದು ಕೇಳದೆ ಯಾರೂ ಬೆಂಕಿ ಹಂಚಿಕೊಳ್ಳುವುದಿಲ್ಲ.

ಬುದ್ಧ ಹುಟ್ಟಿದ ಸ್ಥಳ ನೋಡಿದೆವು. ಅಕ್ಕ ಅತ್ತಳು. ಮಾಮ ಕೈಮುಗಿದು ಹೊರಗೆ ಬಂದು ಕೊಳದ ಕಟ್ಟೆಯ ಮೇಲೆ ಕೂತ. ಅಲ್ಲಿ ಅವನಿಗೆ ಚೌಧರಿ ಸಿಕ್ಕಿದರು. ಐವತ್ತರ ಆಸುಪಾಸಿನ, ಕುಳ್ಳಗಿನ, ಕಿವಿಮುಚ್ಚುವ ಟೊಪ್ಪಿಗೆ ಹಾಕಿದ ಮನುಷ್ಯ. ಬೆಳಿಗ್ಗೆ ಬೆಳಿಗ್ಗೆ ಪ್ರವಾಸಿಗರ ಸಣ್ಣ ಗುಂಪುಗಳನ್ನು ಗದ್ದೆಗಳಲ್ಲಿ ನಡೆಸಿ ಹಕ್ಕಿ, ಪಾತರಗಿತ್ತಿ ತೋರಿಸುವುದು ಅವರ ಕೆಲಸ. ಅಲ್ಲಿಯ ಗದ್ದೆಗಳಲ್ಲಿ ಸಾರಸ ಕೊಕ್ಕರೆ ಇವೆ, ಮನುಷ್ಯನಷ್ಟು ಎತ್ತರ, ತಲೆ ಕೆಂಪು ಎಂದು ಅವರು ಹೇಳಿದ್ದನ್ನು ಖಾಜಾಸಾಬ ಕನ್ನಡ ಮಾಡಿದರು.

"ಮನಿಶ್ಯಾನಷ್ಟು?" ಎಂದ ಮಾಮ. "ಸುಳ್ಳ ಹೇಳಾಕತ್ತಾನ."

"ನಾಳೆ ಮುಂಜಾನೆ ಬಂದು ನೋಡ್ರಿ ಅಂತಾನ."

ಅಕ್ಕ ಬೇಡ ಎಂದಳು. ರಾಯಚೂರಿನ ಡಾಕ್ಟರು ಚಳಿಯಲ್ಲಿ ಓಡಾಡಬಾರದು ಎಂದಿದ್ದರು. ಮಾಮ ಜಗಳ ಮಾಡುವವನಲ್ಲ. ಆದರೆ ಆ ಸಂಜೆ ಊಟ ಬಿಟ್ಟು ಸುಮ್ಮನೆ ಕೂತ. ಅಕ್ಕ ಕಡೆಗೆ ಅವನ ಮುಂದೆ ತಟ್ಟೆ ಇಟ್ಟು, "ಉಣ್ಣು. ಹೋಗೂಣಂತ. ಮಫ್ಲರ್ ತೆಗೆದಿ ಅಂದ್ರ ಅಲ್ಲಿಂದ ವಾಪಸ್ ಎಳ್ಕೊಂಡು ಬರ್ತೀನಿ" ಎಂದಳು.

ಗದ್ದೆಯ ಬದು

ಯಾತ್ರೆಯ ಉಳಿದವರು ಬೆಳಗಿನ ಪ್ರಾರ್ಥನೆಗೆ ಹೋದರು. ನಾವು ನಾಲ್ವರು ಚೌಧರಿಯ ಹಿಂದೆ ಹೊರಟೆವು. ನಮ್ಮ ಜೊತೆ ಜಪಾನಿನ ಒಬ್ಬ ವಯಸ್ಸಾದ ಹೆಂಗಸು, ಕೊರಳಲ್ಲಿ ದೊಡ್ಡ ದುರ್ಬೀನು, ಯಾರೊಡನೆಯೂ ಮಾತಿಲ್ಲ.

ಅಕ್ಕನ ಶಾಲು ಕೆಂಪಗಿತ್ತು. ಹಕ್ಕಿಗಳಿಗೆ ಅದು ದೂರದಿಂದ ಕಾಣುತ್ತದೆ ಎಂದು ಚೌಧರಿ ತಮ್ಮ ಬೂದು ಬಣ್ಣದ ಕಂಬಳಿ ತೆಗೆದು ಅವಳಿಗೆ ಕೊಟ್ಟು, ತಾವು ಬರೀ ಸ್ವೆಟರಿನಲ್ಲಿ ನಡೆದರು. ಮಾತಾಡಬಾರದು ಎಂದರು. ಆದರೆ ಮಾಮನ ಕೆಮ್ಮಿಗೆ ಏನು ಮಾಡುವುದು? ಅವನು ಕೆಮ್ಮಿದಾಗಲೆಲ್ಲ ಮಂಜಿನೊಳಗಿಂದ ಕಾಣದ ರೆಕ್ಕೆಗಳು ಪಟಪಟ ಬಡಿದು ಹಾರಿಹೋಗುತ್ತಿದ್ದವು. ಪ್ರತಿ ಸಲ ಅವನು ನಮ್ಮೆಲ್ಲರ ಕಡೆ ತಿರುಗಿ ತಪ್ಪು ಮಾಡಿದವನ ಹಾಗೆ ನೋಡುತ್ತಿದ್ದ. ಜಪಾನಿನ ಹೆಂಗಸು ತನ್ನ ಚೀಲದಿಂದ ಒಂದು ಪೆಪ್ಪರಮಿಂಟು ತೆಗೆದು ಅವನ ಅಂಗೈಯಲ್ಲಿಟ್ಟಳು.

ಸಾಸಿವೆ ಹೊಲದ ಹತ್ತಿರ ಚೌಧರಿ ನಿಂತರು. ಹೂವು ಬಿಟ್ಟಿತ್ತು. ಎಲೆಗಳ ಅಡಿಯಲ್ಲಿ ಪಾತರಗಿತ್ತಿಗಳು ರೆಕ್ಕೆ ಮಡಚಿ ನೇತಾಡುತ್ತಿದ್ದವು, ಇಬ್ಬನಿ ಹತ್ತಿ ಒದ್ದೆಯಾಗಿ, ಸತ್ತಂತೆ. ಬಿಸಿಲು ತಾಗಿದ ಮೇಲೆಯೇ ಅವು ಏಳುತ್ತವೆ ಎಂದರು. ನನಗೆ ನಮ್ಮ ಕಡೆಯ ಗೊರೇಬಾಳದ ಗದ್ದೆಗಳು ನೆನಪಾದವು. ಕಾಲುವೆ ನೀರು, ಕಣ್ಣು ಹಾಯುವಷ್ಟು ಹಸಿರು, ಆದರೆ ಬೆನ್ನಿಗೆ ಪಂಪು ಕಟ್ಟಿದವರು ಔಷಧ ಹೊಡೆದು ಹೋದ ಮರುದಿನ ಬದುವಿನ ಮೇಲೆ ಒಂದು ಮಿಡತೆಯೂ ಇರುವುದಿಲ್ಲ. ಇಲ್ಲಿಯೂ ಔಷಧ ಬಂದಿದೆ ಎಂದು ಚೌಧರಿ ಹೇಳಿದರು. ವಿಷದ ಕಾಳು ತಿಂದ ಸಾರಸವನ್ನು ತಾವೇ ಹೊತ್ತು ತಂದು ಹೂಳಿದ್ದನ್ನು ಹೇಳಿದರು. ಅವರ ಹಿಂದಿ ಅಷ್ಟು ನನಗೆ ಅರ್ಥವಾಯಿತು. ಖಾಜಾಸಾಬ ಅದನ್ನು ಮಾಮನಿಗೆ ಹೇಳಲಿಲ್ಲ.

ಆಮೇಲೆ ಮಂಜು ಒಂದು ಕಡೆ ಹರಿಯಿತು. ಕೊಯ್ದ ಗದ್ದೆಯ ಆಚೆ ಮೂರು ಸಾರಸಗಳು ನಿಂತಿದ್ದವು. ಎರಡು ದೊಡ್ಡವು, ನಡುವೆ ಒಂದು ಮರಿ. ಮರಿಯೂ ನನ್ನ ಎದೆಯೆತ್ತರ ಇದ್ದೀತು. ದೊಡ್ಡವು ಕತ್ತು ಮೇಲೆತ್ತಿ ಒಟ್ಟಿಗೆ ಕೂಗಿದವು. ಆ ಸದ್ದು ನನ್ನ ಎದೆಯೊಳಗೆ ನಡುಗಿತು.

"ಮಂದಿ ನಿಂತಂಗ ನಿಂತಾವಲ್ಲೋ" ಎಂದ ಮಾಮ. ಚೌಧರಿ ಕೊಟ್ಟ ದುರ್ಬೀನನ್ನು ಕಣ್ಣಿಗೆ ಹಿಡಿದಿರಲಿಲ್ಲ, ಬರಿಗಣ್ಣಲ್ಲೇ ನೋಡುತ್ತಿದ್ದ. ಆಮೇಲೆ ಬದುವಿನ ಮೇಲೆ ಕೂತ. ದಣಿದಿದ್ದಾನೆ, ಕೂರಲಿ ಎಂದುಕೊಂಡೆ. ನಾವೆಲ್ಲ ಹಕ್ಕಿಗಳ ಕಡೆ ಮುಖ ಮಾಡಿ ನಿಂತಿದ್ದೆವು. ಅಕ್ಕ ಕೂಡ. ಅವಳೂ ಬೆರಗಾಗಿದ್ದಳು.

ಮೊದಲು ತಿರುಗಿದ್ದು ಖಾಜಾಸಾಬ. "ದುರ್ಗ್ಯಾ, ತಂಡಿ ನೆಲದ ಮ್ಯಾಲೆ ಕುಂದರಬ್ಯಾಡ, ಏಳಲೇ" ಎಂದರು. ಮಾಮ ಏಳಲಿಲ್ಲ. ಗದ್ದ ಎದೆಗೆ ತಾಗಿತ್ತು. ಖಾಜಾಸಾಬ ಭುಜ ಹಿಡಿದು ಅಲುಗಿಸಿದರು, ಅವನು ಅವರ ತೊಡೆಯ ಮೇಲೆ ಹೊರಳಿದ. ಅಕ್ಕ ಸೆರಗಿನ ಗಂಟು ಬಿಚ್ಚಿ ನಾಲಿಗೆಯ ಕೆಳಗಿಡುವ ಗುಳಿಗೆಯನ್ನು ಅವನ ಬಾಯಿಗೆ ತುರುಕಿದಳು. ಅದು ತುಟಿಯ ಅಂಚಿನಿಂದ ಜಾರಿ ಕೆಸರಿಗೆ ಬಿತ್ತು. ಇನ್ನೊಂದು ಹಾಕಿದಳು. ಚೌಧರಿ ಎರಡೂ ಕೈಯಿಂದ ಎದೆ ಒತ್ತುತ್ತಾ ಕೂಗಿ ಯಾರನ್ನೋ ಕರೆದರು. ಹೊಲದ ಮನೆಯವರು ಹಗ್ಗದ ಹೊರಸು ತಂದರು. ಅದರ ಮೇಲೆ ಮಾಮನನ್ನು ಮಲಗಿಸಿ ರಸ್ತೆಯವರೆಗೆ ಓಡಿದರು. ಅಕ್ಕ ಅವರ ಹಿಂದೆ, ಒಂದು ಕಾಲಲ್ಲಿ ಮಾತ್ರ ಚಪ್ಪಲಿ.

ನಾನೊಮ್ಮೆ ಹಿಂದೆ ನೋಡಿದೆ. ಸಾರಸಗಳು ಹಾರಿಹೋಗಿರಲಿಲ್ಲ. ಸ್ವಲ್ಪ ದೂರ ನಡೆದು ಕಾಳು ಹೆಕ್ಕುತ್ತಿದ್ದವು. ಬಿಸಿಲು ಬಿದ್ದಿತ್ತು. ಸಾಸಿವೆಯ ಮೇಲೆ ಪಾತರಗಿತ್ತಿಗಳು ಎದ್ದಿದ್ದವು, ನೂರಾರು. ಜಪಾನಿನ ಹೆಂಗಸು ಅವುಗಳ ನಡುವೆ ತಲೆ ಬಗ್ಗಿಸಿ ನಿಂತಿದ್ದಳು, ಕೈಯಲ್ಲಿ ಅಕ್ಕನ ಇನ್ನೊಂದು ಚಪ್ಪಲಿ.

ಹೊಳೆಯ ದಂಡೆ

ಆಸ್ಪತ್ರೆಯ ಡಾಕ್ಟರು ಹೇಳುವ ಮುಂಚೆಯೇ ನಮಗೆ ಗೊತ್ತಿತ್ತು.

ಯಾತ್ರೆಯ ಗುಂಪು ಬಂತು. ಎಲ್ಲರೂ ಹೆಣದ ಸುತ್ತ ಕೂತು ಬುದ್ಧವಂದನೆ ಹೇಳಿದರು. ಅವರ ಮುಂದಿನ ಊರಿನ ಟಿಕೆಟ್ಟುಗಳು ಆಗಿದ್ದವು, ವಯಸ್ಸಾದವರೇ ಹೆಚ್ಚು, ಅವರು ನಿಲ್ಲುವಂತಿರಲಿಲ್ಲ. ಹೊರಡುವಾಗ ಹಿರಿಯರೊಬ್ಬರು ಅಕ್ಕನ ತಲೆಯ ಮೇಲೆ ಕೈಯಿಟ್ಟು, "ಪುಣ್ಯ ಮಾಡಿದ್ದ ತಾಯಿ. ಬುದ್ಧ ಹುಟ್ಟಿದ ನೆಲದಾಗ ಹೋಗ್ಯಾನ" ಎಂದರು.

"ನನ್ನ ಮುಂದ ಪುಣ್ಯ ಗಿಣ್ಯ ಅನ್ನಬ್ಯಾಡ್ರಿ" ಎಂದಳು ಅಕ್ಕ. "ಮನ್ಯಾಗ ಉಂಡು ಮಲಗಿ ಸಾಯಬೇಕಾಗಿತ್ತು ಅಂವ."

ಅವರು ಹೋದರು. ನಾವು ಮೂವರು ಉಳಿದೆವು, ಮತ್ತೆ ಚೌಧರಿ. ಹೆಣವನ್ನು ಗಡಿ ದಾಟಿಸಲು ಎರಡೂ ದೇಶದ ಕಾಗದಗಳು ಬೇಕು, ಅದಕ್ಕೆ ಎಷ್ಟು ದಿನ ಹಿಡಿಯುತ್ತದೋ ಹೇಳಲಾಗದು, ಅಲ್ಲಿಂದ ಮುಂದೆ ನಿಮ್ಮ ಊರಿಗೆ ಎಷ್ಟು ದೂರ ಎಂದು ಅವರು ಕೇಳಿದರು. ಖಾಜಾಸಾಬ ಕೈಯನ್ನು ದಕ್ಷಿಣದ ಕಡೆ ಚಾಚಿ ತೋರಿಸಿದರು.

ಚೌಧರಿಯ ಫೋನಿನಿಂದ ಹಟ್ಟಿಗೆ ಮಾತಾಡಿದೆವು. ಮಾಮನ ಅಣ್ಣ ಯಮನಪ್ಪ ಮೊದಲು ಅತ್ತ. ಆಮೇಲೆ ದನಿ ಗಟ್ಟಿ ಮಾಡಿಕೊಂಡ. "ಎಷ್ಟರ ದಿನ ಹತ್ತಲಿ, ಅವನ್ನ ತಗೊಂಡು ಬರ್ರಿ. ಅಪ್ಪನ ಮಗ್ಗಲಕ ಜಾಗ ಐತಿ. ನಾ ಕುಣಿ ತೋಡಸ್ತೀನಿ. ನಮ್ಮ ಮಂದ್ಯಾಗ ಸುಡೋದಿಲ್ಲ ರತ್ನವ್ವಾ, ಗೊತ್ತೈತಲ್ಲ ನಿನಗ."

ಅಕ್ಕ ಹೂಂ ಎಂದಳು. ನಮ್ಮಲ್ಲಿ ಮಣ್ಣು ಮಾಡುವುದೇ ಪದ್ಧತಿ. ಅವಳು ಮನಸ್ಸಿನಲ್ಲಿ ಆಗಲೇ ಹಟ್ಟಿಯ ದಾರಿ ಹಿಡಿದಿದ್ದಳು.

ಆಸ್ಪತ್ರೆಯ ವರಾಂಡದಲ್ಲಿ ಖಾಜಾಸಾಬ ಅವಳೆದುರು ಕುಕ್ಕರಗಾಲಲ್ಲಿ ಕೂತರು. "ಭಾಬಿ, ಒಂದು ಮಾತು ಹೇಳ್ತೀನಿ. ಸಿಟ್ಟಿಗೇಳಬ್ಯಾಡ್ರಿ. ಅವನ್ನ ಮಣ್ಣಾಗ ಇಡಬ್ಯಾಡ್ರಿ."

ಅಕ್ಕ ತಲೆ ಎತ್ತಿದಳು.

"ಗಣಿ ಕೆಳಗ ಊಟಕ್ಕ ಕುಂತಾಗ ಒಂದೊಂದು ಸಲ ತಲಿ ಮ್ಯಾಲಿನ ದೀಪ ಆರಿಸಿ ಕುಂದರ್ತಿದ್ವಿ. ಹಂಗ ಒಂದಿನ ಕತ್ತಲಾಗ ಕುಂತಾಗ ಹೇಳಿದ. ಖಾಜಾ, ನಾ ಸತ್ರ ನನ್ನ ಸುಟ್ಟುಬಿಡಲಿಕ್ಕ ಹೇಳಲೇ. ಅರ್ಧ ಆಯುಷ್ಯ ಇದರಾಗ ಕಳದೀನಿ, ಮತ್ತ ಇಲ್ಲೇ ತಂದು ಮಲಗಿಸಬ್ಯಾಡ್ರಿ ಅಂದ. ಒಂದ ಸಲ ಅಲ್ಲ, ಮುಂದನೂ ಹೇಳ್ಯಾನ."

"ನನಗ ಯಾಕ ಹೇಳಲಿಲ್ಲ?"

"ಮನಿಗೆ ಬಂದ ಮ್ಯಾಲೆ ಅವಗ ಕೆಳಗಿನ ಮಾತು ಬ್ಯಾಡಾಗಿತ್ತು, ಭಾಬಿ."

"ಮೂವತ್ತು ವರ್ಷ ನನ್ನ ಮಗ್ಗಲಕ ಮಲಗ್ಯಾನ" ಎಂದಳು ಅಕ್ಕ. ದನಿ ಸಣ್ಣಗಿತ್ತು. "ನಿನಗ ಹೇಳಿದ ಮಾತು ನನಗ ಹೇಳಲಿಲ್ಲ. ಇಲ್ಲಾ, ಹೆಣ ಹೊತ್ತು ತಿರುಗೋದು ತಪ್ಪಲಿ, ಇಕಿಗೆ ಹಗುರಾಗಲಿ ಅಂತ ನೀನ ಕಟ್ಟಿ ಹೇಳಾಕತ್ತಿಯೇನು? ಖರೇ ಹೇಳು, ಖಾಜಾ ಭಾಯ್."

ಖಾಜಾಸಾಬ ಕಣ್ಣು ಒರೆಸಿಕೊಂಡರು. "ನಮ್ಮ ಜಾತ್ಯಾಗೂ ಸುಡಂಗಿಲ್ಲ ಭಾಬಿ. ಸುಡೋದು ನೋಡಿದ್ರ ನನಗ ಎದಿ ಒಡೀತದ. ನಾ ಸುಳ್ಳ ಹೇಳೋದಿದ್ರ ಮಣ್ಣು ಮಾಡ್ರಿ ಅಂತಿದ್ದೆ."

ಅಕ್ಕ ನನ್ನ ಕಡೆ ನೋಡಿದಳು. ಮಾಮ ಹಟ್ಟಿಯ ಮನೆಯಲ್ಲಿ ಮಳೆಗಾಲದಲ್ಲೂ ಬಾಗಿಲು ತೆರೆದಿಟ್ಟು ಮಲಗುತ್ತಿದ್ದ, ಅದಕ್ಕೆ ಅಕ್ಕ ಬೈಯುತ್ತಿದ್ದಳು ಎಂಬುದು ನಮ್ಮಿಬ್ಬರಿಗೂ ಗೊತ್ತು. ಅವಳು ಸೆರಗಿನ ಗಂಟು ಬಿಗಿದುಕೊಂಡು ಎದ್ದು, "ಕಟ್ಟಿಗಿ ಎಲ್ಲಿ ಸಿಗ್ತಾವ ಕೇಳು" ಎಂದಳು.

ಚೌಧರಿಯ ಊರಿನವರು ಮಾವಿನ ಕಟ್ಟಿಗೆ ತಂದರು. ಹೆಸರು ಗೊತ್ತಿಲ್ಲದ, ಮುಖ ನೋಡದ ಒಬ್ಬ ಮನುಷ್ಯನಿಗಾಗಿ ಹತ್ತು ಮಂದಿ ಬಂದು ನಿಂತರು. ಯಾರೂ ಸಮಾಧಾನದ ಮಾತು ಹೇಳಲಿಲ್ಲ, ಅಳಲಿಲ್ಲ. ಬಂದು ಕಟ್ಟಿಗೆ ಒಟ್ಟಿದರು, ನೀರು ತಂದರು. ನಮ್ಮ ಕಡೆ ಸಾವಿನ ಮನೆಯಲ್ಲಿ ಹಾಡಿ ಅಳುವ ಹೆಂಗಸರ ದನಿ ಇರುತ್ತದೆ. ಅಲ್ಲಿ ಹೊಳೆಯ ಸದ್ದು ಮಾತ್ರ, ಅದೂ ಸಣ್ಣದು. ಚಟ್ಟಕ್ಕೆ ಮುಂದಿನ ಹೆಗಲು ಖಾಜಾಸಾಬರದು.

ಬೆಂಕಿ ಯಾರು ಕೊಡುತ್ತಾರೆ ಎಂದು ಚೌಧರಿ ಕೇಳಿದರು. ನಮ್ಮವರಲ್ಲಿ ಗಂಡಸು ಎಂದರೆ ಖಾಜಾಸಾಬ ಒಬ್ಬರೇ. ಅವರು ತಲೆ ಅಲ್ಲಾಡಿಸಿ ಹಿಂದೆ ಸರಿದರು. ಅಕ್ಕ ಮುಂದೆ ಬಂದು ಕೈ ಚಾಚಿದಳು. ಊರಿನ ಇಬ್ಬರು ಮುದುಕರು ಒಬ್ಬರನ್ನೊಬ್ಬರು ನೋಡಿಕೊಂಡರು, ಆದರೆ ಬೇಡ ಅನ್ನಲಿಲ್ಲ. ಮಂಜಿಗೆ ಕಟ್ಟಿಗೆ ಹಸಿಯಾಗಿತ್ತು. ಮೂರು ಸಲ ಹಚ್ಚಬೇಕಾಯಿತು. ಬೆಂಕಿ ಏಳುವಾಗ ಖಾಜಾಸಾಬ ಬೆನ್ನು ತಿರುಗಿಸಿ ಹೊಳೆಯ ಕಡೆ ಮುಖ ಮಾಡಿ ನಿಂತರು. ಸುಟ್ಟು ಮುಗಿಯುವವರೆಗೂ ಹಾಗೇ ನಿಂತಿದ್ದರು.

ಮುಕ್ಕುಂದ

ಬೂದಿಯ ಮಡಕೆಗೆ ಬಿಳಿ ಬಟ್ಟೆ ಕಟ್ಟಿ ಅಕ್ಕ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಳು. ಸಹಪ್ರಯಾಣಿಕಳೊಬ್ಬಳು ಊರ ತುಪ್ಪವೇ ಎಂದು ಕೇಳಿದಳು. ಖಾಜಾಸಾಬ ಹೌದು ಎಂದುಬಿಟ್ಟರು. ಆಮೇಲೆ ಆ ಹೆಂಗಸು ರೈಲು ಇಳಿಯುವವರೆಗೂ ನಮ್ಮ ಊರ ಎಮ್ಮೆಗಳ ಬಗ್ಗೆ ಕೇಳುತ್ತಿದ್ದಳು. ಖಾಜಾಸಾಬ ಎಲ್ಲಕ್ಕೂ ಉತ್ತರ ಕೊಟ್ಟರು.

ರಾಯಚೂರಿನಲ್ಲಿ ಇಳಿದಾಗ ಯಮನಪ್ಪನ ಫೋನು ಬಂತು. ಸುಟ್ಟ ಸುದ್ದಿ ಅವನಿಗೆ ಮುಟ್ಟಿತ್ತು. ಅವನು ಬೈಯಲಿಲ್ಲ, ಅದೇ ಹೆದರಿಕೆಯಾಯಿತು. "ಬೂದಿನಾದರೂ ತಗೊಂಡು ಬರಾಕತ್ತೀರಿಲ್ಲ? ಕುಣಿ ತೋಡಿಸಿಟ್ಟೀನಿ. ಗಡಿಗಿನ ಇಟ್ಟು ಮುಚ್ಚೂಣು" ಎಂದ.

ಅಕ್ಕ ಫೋನು ನನ್ನ ಕೈಗೆ ಕೊಟ್ಟು, "ಸವಿತಾ, ಹಟ್ಟಿ ಬಸ್ ಬ್ಯಾಡ. ಮೊದಲ ನಿಮ್ಮ ಮನಿಗೆ ಹೋಗೂಣು" ಎಂದಳು.

ಸಿಂಧನೂರಿನಲ್ಲಿ ಒಂದು ರಾತ್ರಿ ಉಳಿದು, ಮರುದಿನ ಆಟೊದಲ್ಲಿ ಮುಕ್ಕುಂದಕ್ಕೆ ಹೋದೆವು. ಅಲ್ಲಿ ತುಂಗಭದ್ರೆ ಬಂಡೆಗಳ ನಡುವೆ ಹರಿಯುತ್ತದೆ. ಅಕ್ಕ ಸೀರೆ ಎತ್ತಿ ಕಟ್ಟಿ ಮೊಣಕಾಲವರೆಗೆ ನೀರಿಗಿಳಿದಳು. ಖಾಜಾಸಾಬ ಅವಳ ಮೊಣಕೈ ಹಿಡಿದಿದ್ದರು. ಅವಳು ಮಡಕೆಯನ್ನು ಬಗ್ಗಿಸಿದಳು, ಆಮೇಲೆ ಮಡಕೆಯನ್ನೂ ಬಿಟ್ಟಳು. ಅದು ಒಂದು ಬಂಡೆಗೆ ಬಡಿದು ಒಡೆಯಿತು.

"ನೀ ಹೇಳಿದ್ದು ಸುಳ್ಳಾಗಿದ್ರ ಆ ಪಾಪ ನಿನಗಿರಲಿ ಖಾಜಾ ಭಾಯ್" ಎಂದಳು.

"ಇರಲಿ ಭಾಬಿ" ಎಂದರು ಅವರು.

ಹಟ್ಟಿ

ಗಣಿಯ ಕ್ವಾರ್ಟರ್ಸ್ ಬಿಟ್ಟ ಮೇಲೆ ಮಾಮ ಕಟ್ಟಿಸಿದ ಎರಡು ಕೋಣೆಯ ಮನೆಯ ಮುಂದೆ ಮಂದಿ ನೆರೆದಿದ್ದರು. ಯಮನಪ್ಪ ಅಕ್ಕನ ಕೈಗಳನ್ನು ನೋಡಿದ, ನನ್ನ ಕೈಗಳನ್ನು ನೋಡಿದ.

"ಎಲ್ಲಿ?"

"ಹೊಳಿಗೆ ಬಿಟ್ಟೆ."

ಅವನು ಖಾಜಾಸಾಬರ ಕಡೆ ತಿರುಗಿದ. "ನಿಂದ ಕೆಲಸ ಇದು. ನನ್ನ ತಮ್ಮನ್ನ ಹಡದಾಂವ ನೀನೇನು?" ಯಮನಪ್ಪ ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತ. ಎರಡು ಕೈಯಿಂದ ತಲೆ ಹಿಡಿದುಕೊಂಡು, "ತೋಡಿದ ಕುಣಿ ಬಾಯಿ ತಕ್ಕೊಂಡು ಕುಂತೈತಿ. ಬರೇ ಮಣ್ಣು ಹಾಕಿ ಹ್ಯಾಂಗ ಮುಚ್ಚಲಿ? ಮನ್ಯಾಗ ಇನ್ನೊಂದು ಹೆಣ ಕೇಳ್ತದ ಅದು" ಎಂದ. ಅದು ನಮ್ಮ ಕಡೆಯ ಹಳೆಯ ಹೆದರಿಕೆ. ಅವನ ಮನೆಯಲ್ಲಿ ಮೊಮ್ಮಕ್ಕಳಿದ್ದಾರೆ.

ಅಕ್ಕ ಒಳಗೆ ಹೋದಳು. ಅಟ್ಟದಿಂದ ಏನನ್ನೋ ಎಳೆದ ಸದ್ದಾಯಿತು. ಹೊರಗೆ ಬಂದಾಗ ಅವಳ ಕೈಯಲ್ಲಿ ಮಾಮನ ಗಣಿಯ ಬೂಟುಗಳು, ತಲೆಗೆ ಹಾಕುವ ಟೊಪ್ಪಿಗೆ ಇದ್ದವು. ಬೂಟಿನ ಹಿಮ್ಮಡಿ ಒಂದು ಕಡೆಗೆ ಸವೆದಿತ್ತು. ಅವನ್ನು ಯಮನಪ್ಪನ ಕಾಲ ಹತ್ತಿರ ಇಟ್ಟಳು.

"ಕುಣ್ಯಾಗ ಇವನ್ನ ಹಾಕು. ಇವು ಕೆಳಗ ಇರೋವ."

ಯಮನಪ್ಪ ಬಗ್ಗಿ ಬೂಟು, ಟೊಪ್ಪಿಗೆಗಳನ್ನು ಎತ್ತಿಕೊಂಡ, ಎದೆಗೆ ಆನಿಸಿಕೊಂಡ. ಜೋರಾಗಿ ಅತ್ತ. ಹಾಗೇ ಅವುಗಳನ್ನು ಹಿಡಿದುಕೊಂಡು ಸ್ಮಶಾನದ ಕಡೆ ನಡೆದ, ಮಂದಿ ಹಿಂದೆ ನಡೆದರು. ಖಾಜಾಸಾಬ ದೂರದಲ್ಲಿ, ಬೇಲಿಯ ಆಚೆ ನಿಂತರು. ಯಾರೂ ಅವರನ್ನು ಒಳಗೆ ಕರೆಯಲಿಲ್ಲ.

ಯಮನಪ್ಪ ಈಗಲೂ ಎಲ್ಲರ ಮುಂದೆ ನನ್ನ ತಮ್ಮನನ್ನು ಅಪ್ಪನ ಮಗ್ಗುಲಲ್ಲಿ ಮಣ್ಣು ಮಾಡಿದ್ದೇನೆ ಎಂದು ಹೇಳುತ್ತಾನೆ. ಅಕ್ಕ ಅಲ್ಲೇ ಇದ್ದರೂ ಇಲ್ಲ ಅನ್ನುವುದಿಲ್ಲ.